ಒಂದು ಗೇಣು ಕಡಿಮೆ

ನಮ್ಮ ಮನೆಗೆ ಮೂಲೆಗಳೇ ಇಲ್ಲ.
ಉಣ್ಣೆಯ ಗೋಡೆ ದುಂಡಗೆ ಸುತ್ತಿ ಬಂದು
ತೆಂಕಣ ಬಾಗಿಲಲ್ಲಿ ಮುಗಿಯುತ್ತದೆ.
ಹಣೆ ಬಡಿದುಕೊಳ್ಳಲು ಚೂಪಾದದ್ದು ಏನೂ ಇಲ್ಲ
ಎಂದೆ ಉರ್ತ್‌ನಾಸನ್‌ಗೆ ಫೋನಿನಲ್ಲಿ,
ಸಿಗ್ನಲ್ ಸಿಗುವ ಗುಡ್ಡದ ನೆತ್ತಿಯಲ್ಲಿ
ಕುದುರೆಯಿಂದ ಇಳಿಯದೆ.

ಪೇಟೆಯ ಬಸುರಿಯರ ತಂಗುಮನೆಯಲ್ಲಿ
ಹನ್ನೊಂದು ದಿನದಿಂದ ಕಾಯುತ್ತಿದ್ದಾಳೆ ಅವಳು.
ನಕ್ಕಳು:
'ಕೂಸು ಗೋಡೆ ಹಿಡಿದುಕೊಂಡೇ ಹೋಗುತ್ತದೆಯೇ, ಎನೆಬಿಶ್?
ನಡುವೆ ಏನಿದೆ ನೋಡು.'

ನಡುವೆ ಇರುವುದು ಒಲೆ.

ಅದನ್ನು ಕೊನೆಗೆ ಇಟ್ಟುಕೊಂಡೆ.
ಮೊದಲು ಕುರಿಗಳ ಹುಳದ ಔಷಧಿ,
ಹಾಲಿನ ಬಣ್ಣದ್ದು, ಹಾಲಿನ ಬಾಟಲಿಯಲ್ಲೇ ಇತ್ತು!
ಹೊರಗಿನ ಗಾಡಿಗೆ ಹಾಕಿ ಬೀಗ ಜಡಿದೆ.
ಸೋಲಾರ್ ಬ್ಯಾಟರಿ ಮಂಚದಡಿ ಆಸಿಡ್ ಜಿನುಗುತ್ತಿತ್ತು,
ಹಲಗೆ ಹೊಡೆದು ಅದಕ್ಕೊಂದು ಪೆಟ್ಟಿಗೆ ಮಾಡಿದೆ.
ಉಣ್ಣೆಯ ಕತ್ತರಿ ಮಾಡಿನ ಗಳುವಿಗೆ ಏರಿತು.
ಅಪ್ಪನ ನಶ್ಯದ ಬುಡ್ಡಿಯ ಹವಳದ ಬಿರಡೆ
ಅಂಗೈಯಲ್ಲಿಟ್ಟು ನೋಡಿದೆ,
ಪುಟ್ಟ ಗಂಟಲಿನ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು.

ಅಮ್ಮನ ಲೆಕ್ಕವೇ ಬೇರೆ.
ನಮದೆಯ ತುಂಡಿನಲ್ಲಿ ಒಂದು ನರಿ ಹೊಲಿದು
ತೊಟ್ಟಿಲ ಮೇಲೆ ಕಟ್ಟಿದಳು.
ಕನಸಿನಲ್ಲಿ ನರಿ ಬಂದು
'ನಿನ್ನಮ್ಮ ಸತ್ತಳು' ಎಂದು ಕೂಸನ್ನು ಅಳಿಸುತ್ತದಂತೆ,
ಎದುರಿಗೆ ಇನ್ನೊಂದು ನರಿ ಕಂಡರೆ ಬಾಯಿ ಮುಚ್ಚುತ್ತದಂತೆ.
ಹಣೆಗೆ ಹಚ್ಚಲು ಪಾತ್ರೆಯ ತಳದ ಮಸಿ
ಚಿಪ್ಪಿನಲ್ಲಿ ಕೆರೆದಿಟ್ಟಳು.
ಹೆಸರು ಮಾತ್ರ ಯೋಚಿಸಲೂ ಬೇಡ ಎಂದಳು.

ನನ್ನ ಹೆಸರೇ ನೋಡಿ. ಎನೆಬಿಶ್ ಎಂದರೆ 'ಇದಲ್ಲ'.
ನನಗಿಂತ ಮೊದಲು ಹುಟ್ಟಿದ ಇಬ್ಬರು ಉಳಿಯಲಿಲ್ಲ.
ಮೂರನೆಯದನ್ನು ಕೇಳಿಕೊಂಡು ಬಂದ ಸಾವಿಗೆ
ಬಾಗಿಲಲ್ಲೇ ಅಂದರಂತೆ:
ಇದಲ್ಲ, ಮುಂದೆ ಹೋಗು.

ಹೋಯಿತು.
ಬೆಂಕಿಗೆ ಮಾತ್ರ ಯಾರೂ ಏನೂ ಹೇಳಿರಲಿಲ್ಲ.
ನನ್ನ ಬಲಗೈಯ ಕೊನೆಯ ಎರಡು ಬೆರಳು
ಕರಗಿದ ಮೇಣದ ಹಾಗೆ ಅಂಟಿಕೊಂಡಿವೆ.
'ಕೆಂಡ ಸಿಡಿಯಿತು' ಎನ್ನುತ್ತಿದ್ದಳು ಅಮ್ಮ
ಚಿಕ್ಕಂದಿನಲ್ಲಿ, ಯಾರು ಕೇಳಿದರೂ,
ಬೇರೆ ಒಂದಕ್ಷರ ಸೇರಿಸದೆ.

ಕತ್ತಲಾದ ಮೇಲೆ ಹಗ್ಗ ತೆಗೆದಳು.
ಒಂಟೆಕೂದಲಿನದು, ನನ್ನನ್ನು ಕಟ್ಟಿದ್ದೇ ಹಗ್ಗ.
ನಮ್ಮಲ್ಲಿ ಅಂಬೆಗಾಲಿಡುವ ಮಕ್ಕಳೆಲ್ಲ
ಸೊಂಟಕ್ಕೆ ಪಟ್ಟಿ, ಮಂಚದ ಕಾಲಿಗೆ ಗಂಟು,
ಒಲೆಯತ್ತ ಹೊರಟು ನಡುದಾರಿಯಲ್ಲಿ ನಿಲ್ಲುವವರೇ.

'ಬಾ ಇಲ್ಲಿ' ಎಂದಳು.
ಮೂವತ್ತನಾಲ್ಕು ವರ್ಷದ ನನ್ನ ಸೊಂಟಕ್ಕೆ
ಹಗ್ಗ ಬಿಗಿದಳು.
'ಹೋಗು.'

ನಾನು ಮಂಡಿಯೂರಿದೆ.
ನೆಲದಿಂದ ನೋಡಿದರೆ ಒಲೆ ಎಷ್ಟು ಎತ್ತರ!
ಅದರ ಬಾಯಿಯ ಸಂದಿಯಲ್ಲಿ ಬೆರಣಿ ಕೆಂಪಗೆ,
ಚೆಲುವಾಗಿ, ಕರೆಯುವಂತೆ.
ಹಗ್ಗ ಜಗ್ಗಿತು. ನಿಂತೆ.
'ಕೈ ಚಾಚು' ಎಂದಳು ಹಿಂದಿನಿಂದ.
'ಆ ಕೈ ಅಲ್ಲ.'

ಚಾಚಿದೆ.
ಅಂಟಿದ ಬೆರಳಿನ ತುದಿಗೆ ಕಬ್ಬಿಣದ ಶಾಖ.

'ಕೆಂಡ ಸಿಡಿಯಲಿಲ್ಲ' ಎಂದಳು ಅಮ್ಮ.
'ಹೊರಗೆ ಆಡು ಈಯುತ್ತಿತ್ತು.
ನಾನೇ ಕಟ್ಟಿ ಹೋಗಿದ್ದೆ.
ಹಗ್ಗ ಮುಟ್ಟಿತು.'

ಗಾಳಿಗೆ ಹೊಗೆಕೊಳವೆ ಒಮ್ಮೆ ಕುಂಯ್‌ಗುಟ್ಟಿತು.
ಏನು ಹೇಳಬೇಕು ಎಂದು ತೋಚಲಿಲ್ಲ.
'ಎಷ್ಟು ಕಡಿಮೆ ಮಾಡಲಿ?' ಎಂದೆ.

ಹಗ್ಗದ ಮೇಲೆ ಅವಳ ಹೆಬ್ಬೆರಳು, ಕಿರುಬೆರಳು
ಒಂದು ಗೇಣು ನಡೆದವು.
ಮತ್ತೆ ಇನ್ನೊಂದು.
ಕತ್ತರಿ ಗಳುವಿನ ಮೇಲಿತ್ತು, ಹಲ್ಲಿನಿಂದ ಕಡಿಯಹೊರಟಳು,
ಇರುವುದು ನಾಲ್ಕೇ ಹಲ್ಲು,
ಬಿಟ್ಟು ಗಂಟು ಹಾಕಿದಳು, ಗಂಟಿನ ಮೇಲೆ ಗಂಟು.

ನನ್ನ ಸೊಂಟದ್ದನ್ನು ಬಿಚ್ಚಲು
ಅವಸರ ಮಾಡಲಿಲ್ಲ ಅವಳು.
ಚಹಾ ಬಗ್ಗಿಸಿ, ಉಪ್ಪು ಹಾಕಿ,
ಬಟ್ಟಲನ್ನು ಹಗ್ಗ ಎಟಕುವಷ್ಟು ದೂರದಲ್ಲಿ ಇಟ್ಟಳು.
ಬಿಚ್ಚು ಎಂದು ನಾನೂ ಕೇಳಲಿಲ್ಲ.